ಸೊನ್ನೆ ಮೇಷ್ಟ್ರು

ಭೌತಶಾಸ್ತ್ರದ ಮೇಷ್ಟ್ರಿಗೆ ‘ಸೊನ್ನೆ ಮೇಷ್ಟ್ರು’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯಾರು ಸುಸ್ತಾಯಿತೆಂದರೂ ಅವರದು ಒಂದೇ ಪ್ರಶ್ನೆ: “ಎಷ್ಟು ದೂರ ಸರೀತು?” ಬಲವನ್ನು ದೂರದಿಂದ ಗುಣಿಸಿದರೆ ಕೆಲಸ, ವಸ್ತು ಸರಿಯದಿದ್ದರೆ ಕೆಲಸ ಸೊನ್ನೆ. ಗೋಡೆ ತಳ್ಳಿ ಬೆವೆತ ಹುಡುಗರಿಗೆ ಸೊನ್ನೆ, ದಿನವಿಡೀ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಸೊನ್ನೆ, ಹಾಸಿಗೆ ಹಿಡಿದ ಅತ್ತೆಯನ್ನು ಎದೆಗೊರಗಿಸಿಕೊಂಡು ಕೂರುವ ಹೆಂಡತಿಗಂತೂ ದಿನಾ ಸೊನ್ನೆ. ಆವತ್ತು ಶಾಲೆಯಿಂದ ಬಂದವರು ಅಮ್ಮನ ಕೋಣೆಯ ಬಾಗಿಲಲ್ಲೇ ಕಲ್ಲಾದರು. ಕಾಲು ಮುರಿದು ಮಂಚದತ್ತ ವಾಲಿದ್ದ ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು ಹೆಂಡತಿ ನಿಂತಿದ್ದಳು. ಅವಳ ಕಾಲು ಗಡಗಡ ನಡುಗುತ್ತಿತ್ತು. ಆ ದಿಗಿಲಿನಲ್ಲೂ ಮೇಷ್ಟ್ರ ಬಾಯಿಗೆ ಬಂದದ್ದು ಅದೇ: “ಎಷ್ಟು... ಎಷ್ಟು ದೂರ ಸರೀತು?” “ಗಂಟೆ ಮೇಲಾಯ್ತು, ಒಂದಿಂಚೂ ಸರಿಯೋಕೆ ಬಿಟ್ಟಿಲ್ಲ ರೀ. ಮೊದಲು ನಿಮ್ಮಮ್ಮನ ಮಂಚ ಈಚೆಗೆ ಎಳೀರಿ!”