ಹಳೆಯ ಗೋಡೆಗೆ ಕೈಮುಗಿದದ್ದು

ಸ್ಪೇನಿನವರು ಕ್ಯಾಲಿಫೋರ್ನಿಯಾದಲ್ಲಿ ಮೊದಲು ನೆಲೆಯೂರಿದ್ದು ಸ್ಯಾನ್ ಡಿಯಾಗೊದಲ್ಲಿ. ಬೆಂಗಳೂರಿನಿಂದ ಯಾರೇ ಬರಲಿ, ಲಾಸ್ ಏಂಜಲೀಸ್‌ನ ನಮ್ಮ ಮನೆಯಿಂದ ಕರೆದೊಯ್ದು ಅಲ್ಲಿನ ಸ್ಪೇನಿನವರ ಹಳೆಯ ಚರ್ಚನ್ನು ತೋರಿಸುವುದು ನನ್ನ ಚಟ. ಚಪ್ಪಲಿ ಬಿಟ್ಟು, ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ದೇವರು ಯಾರದಾದರೇನು, ಇನ್ನೂರೈವತ್ತು ವರ್ಷದ ಗೋಡೆಯಲ್ಲವೇ! ಗಂಡ ಪ್ರತಿ ಸಲವೂ ನಗುತ್ತಾ ಫೋಟೋ ತೆಗೆಯುತ್ತಿದ್ದರು.

ಕೋವಿಡ್ ಮುಗಿದ ಮೇಲೆ ಅತ್ತೆ ಬಂದರು. ನನ್ನನ್ನು ನೋಡಿ ಅವರೂ ಚಪ್ಪಲಿ ಬಿಡಲು ಬಗ್ಗಿದರು.

"ಬೇಡಮ್ಮ, ಮಂಡಿ ನೋಯತ್ತೆ," ಎಂದರು ಇವರು. "ಹಳೇ ಗೋಡೆ ಬಿದ್ದೋಗಿ, ಇದು ಈಚೆಗೆ ಕಟ್ಟಿರೋದು."

"ನಿಮಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲನೇ ಸಲಾನೇ. ಅಲ್ಲೇ ಬೋರ್ಡ್ ಇದ್ಯಲ್ಲ."

ತಾಯಿಗೆ ಒಂದು ಕ್ಷಣವೂ ತಡೆಯದೆ ಹೇಳಿದ್ದನ್ನು ನನಗೆ ಇಷ್ಟು ವರ್ಷ ಹೇಳಿರಲಿಲ್ಲ. ಅವರ ಫೋನನ್ನು ಕಿತ್ತು ಬಿಸಾಡಬೇಕೆನಿಸಿತು. ಅದರ ತುಂಬ ಬರಿಗಾಲಲ್ಲಿ ಗೋಡೆಗೆ ಕೈಮುಗಿದು ನಿಂತ ನಾನೇ.