ಕೈ ನಿಂತರೆ ಕತೆ

ಮಾನ್ವಿಯ ನಮ್ಮ ವರದಿಗಾರ ಹೋದ ವಾರ ಮನೆಗೆಂದು ಒಣಮೆಣಸಿನಕಾಯಿ ಕೊಂಡು, ಚೀಲದ ಸಮೇತ ರಾಯಚೂರಿನ ಕಚೇರಿಗೆ ಬಂದಿದ್ದ. ಫ್ಯಾನಿನ ಗಾಳಿಗೆ ಘಾಟು ಹರಡಿ ಎಲ್ಲರೂ ಸೀನತೊಡಗಿದರು. ನನಗೆ ದೇವದುರ್ಗದ ಪಕ್ಕದ ಮನೆಯ ಅಕ್ಕ ನೆನಪಾದಳು.

ಅಕ್ಕ ಕತೆ ಬರೆಯುತ್ತಿದ್ದಳು. ಹಗಲು ಸಾವುಕಾರರೊಬ್ಬರ ಕಣದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಪತ್ರಿಕೆಗಳಿಗೆ ಕಳಿಸಿದ ಕತೆಗಳೆಲ್ಲ ವಾಪಸು ಬರುತ್ತಿದ್ದವು. ಬಂದದ್ದನ್ನು ಮರುದಿನ ಕಣಕ್ಕೆ ಒಯ್ದು ಜೊತೆಯ ಹೆಂಗಸರಿಗೆ ಓದುತ್ತಿದ್ದಳು. ಅಷ್ಟು ಹೊತ್ತು ಅಕ್ಕನ ಪಾಲಿನ ಕಾಯಿಯನ್ನೂ ಅವರೇ ಬಿಡಿಸುತ್ತಿದ್ದರು. ಓದುವಾಗ ಆಕೆ ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಕೈ ನಿಂತರೆ ಕತೆ ಸರಿಯಿದೆ. ಕೈ ಓಡುತ್ತಲೇ ಇದ್ದರೆ ಆ ಸಾಲಿನ ಮೇಲೆ ಅಡ್ಡಗೆರೆ. ಕೈ ನಿಂತಾಗಲೆಲ್ಲ ಸಾವುಕಾರ, "ಕತಿ ಕೇಳಾಕ ಕೂಲಿ ಕೊಡಬೇಕೇನ್ ನಿಮಗ?" ಎನ್ನುತ್ತಿದ್ದರು.

ನನ್ನ ಮೊದಲ ಕತೆ ವಾಪಸು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟೆ. ಅಕ್ಕ ಸಮಾಧಾನ ಹೇಳಲಿಲ್ಲ. ಕಣಕ್ಕೆ ಕರೆದೊಯ್ದು ಓದಲು ಹಚ್ಚಿದಳು. ಒಂದು ಕೈಯೂ ನಿಲ್ಲಲಿಲ್ಲ. ಮಸರಕಲ್ ಕಡೆಯ ಮುದುಕಿಯೊಬ್ಬಳು ನಡುವೆ ಕೇಳಿದಳು: "ಯಪ್ಪಾ, ನಿನ್ನ ಕತಿಯಾಗಿನ ಹುಡುಗಿ ಮುಂಜಾನಿಂದ ಅಳಾಕತ್ಯಾಳ. ಉಂಡಾಳೋ ಇಲ್ಲೋ?"

ಎಲ್ಲರೂ ನಕ್ಕರು. ಅಕ್ಕನೂ. ನಾನು ಮುಂದೆ ಸುದ್ದಿ ಬರೆಯುವವನಾದೆ.

ಒಮ್ಮೆ ಒಂದು ವಾರಪತ್ರಿಕೆ ಅಕ್ಕನ ಕತೆಯನ್ನು ಷರತ್ತಿನ ಮೇಲೆ ಒಪ್ಪಿತು. ಗಂಡನ ಮನೆ ಬಿಟ್ಟು ಹೋಗುವ ಹೆಂಗಸು ಕೊನೆಗೆ ಮರಳಿ ಬರಬೇಕು. ಅಷ್ಟು ವರ್ಷಗಳಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಅಕ್ಕ ಬದಲಿಸಿದಳು. ಚೆನ್ನಾಗಿಯೇ ಬರೆದಿದ್ದಳು. ಕಣದಲ್ಲಿ ಓದಿದ ದಿನ ನಾನೂ ಇದ್ದೆ. ಕತೆಯ ಹೆಂಗಸು ಹೊಸ್ತಿಲು ದಾಟಿ ಒಳಗೆ ಬಂದಳು... ಕೈಗಳು ತೊಟ್ಟು ಬಿಡಿಸುತ್ತಲೇ ಇದ್ದವು. ಹಳೆಯ ಕೊನೆಯನ್ನೂ ಕೇಳಿದ್ದ ಮುದುಕಿ ತಲೆ ಎತ್ತದೆ, "ಹೋದಾಕಿ ಯಾಕ ಬಂದಳವ್ವಾ? ಯಾರರ ಕರ್ಯಾಕ ಹೋಗಿದ್ರೇನು?" ಎಂದಳು.

ಅಕ್ಕ ಹಾಳೆಗಳನ್ನು ಮಡಚಿಟ್ಟು ಕಾಯಿ ಬಿಡಿಸಲು ಕೂತಳು. ಮರುದಿನ ಹಳೆಯ ಕೊನೆಯನ್ನೇ ಅಂಚೆಗೆ ಹಾಕಿದಳು. ಕತೆ ವಾಪಸು ಬಂತು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: "ನನ್ನ ಕೊನಿ ಅವರಿಗೆ ಬ್ಯಾಡಾತು, ಅವರ ಕೊನಿ ನನಗ ಬ್ಯಾಡಾತು. ಮುಗೀತಲ್ಲ."

ಆ ಸಂಜೆ ಅಕ್ಕನ ಮನೆಯ ಒಲೆ ತಡವಾಗಿ ಹೊತ್ತಿತು.

ಅಕ್ಕ ಹೋದ ತಿಂಗಳು ತೀರಿಕೊಂಡಳು. ನಿಧನ ವಾರ್ತೆ ನಾನೇ ಬರೆದೆ. ಹೆಸರಿನ ಹಿಂದೆ 'ಕತೆಗಾರ್ತಿ' ಎಂದು ಹಾಕಿದ್ದೆ. ಪ್ರಕಟವಾದ ಪುಸ್ತಕ ಯಾವುದೆಂದು ಸುದ್ದಿ ತಿದ್ದುವ ಡೆಸ್ಕಿನವರು ಕೇಳಿದರು. ಇಲ್ಲ ಎಂದೆ. ಒಂದು ಕತೆಯಾದರೂ? ಅದೂ ಇಲ್ಲ. ಪದ ತೆಗೆದರು. ಅವರ ಜಾಗದಲ್ಲಿದ್ದರೆ ನಾನೂ ತೆಗೆಯುತ್ತಿದ್ದೆ. ತೋರಿಸಲು ಹಾಳೆಗಳೂ ಉಳಿದಿಲ್ಲ. ಬಾಡಿಗೆ ಮನೆ ಬದಲಿಸುವಾಗ ಎಲ್ಲೋ ಹೋದವಂತೆ.

ಇವತ್ತು ಆ ನಿಧನ ವಾರ್ತೆಯ ಪುಟವನ್ನು ಮತ್ತೆ ತೆಗೆದು ಓದಿದೆ. ಹೆಸರು, ವಯಸ್ಸು, ಊರು, ಅಗಲಿದ ಬಳಗ. ಸುದ್ದಿಯಲ್ಲಿ ತಪ್ಪೇನೂ ಇಲ್ಲ.