ಕೆರ್ಟು ಕಾಯಿಸುವ ಕಂಬಳಿ

ಉತ್ತರದ ಹಿಮನಾಡಿನ ಔಲು ಊರಿನಲ್ಲಿ ಬೆಳಕು ಹರಿಯಲು ಇನ್ನೂ ಬಹಳ ಹೊತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆರ್ಟು ನಿಸ್ಕಾ ಆಗಲೇ ಕಂಬಳಿ ಕಾಯಿಸಲು ನಿಂತಿದ್ದಾರೆ. ಪಕ್ಕದ ಕೋಣೆಯ ಸ್ಕ್ಯಾನಿಂಗ್ ಯಂತ್ರ ಎಷ್ಟೇ ದೊಡ್ಡದಿರಲಿ, ಇವರ ದಿನ ಶುರುವಾಗುವುದು ಕಂಬಳಿಯಿಂದಲೇ. ಇಂದು ಬರುವವಳು ಈರಿಸ್, ಹತ್ತೊಂಬತ್ತರ ಹುಡುಗಿ.

ಬೆನ್ನಿನ ಮಚ್ಚೆಯಲ್ಲಿ ಹುಟ್ಟಿದ ಕ್ಯಾನ್ಸರ್ ಈರಿಸ್‌ಳ ಶ್ವಾಸಕೋಶಕ್ಕೆ ಹರಡಿತ್ತು. ಚಿಕಿತ್ಸೆ ನಾಟಿದೆಯೇ ಎಂದು ನೋಡಲು ವಿಕಿರಣ ಬೆರೆಸಿದ ಸಕ್ಕರೆಯನ್ನು ಸೂಜಿಯಲ್ಲಿ ಕೊಡುತ್ತಾರೆ. ರೋಗ ಅದನ್ನು ಗಬಗಬನೆ ತಿಂದು ಚಿತ್ರದಲ್ಲಿ ಹೊಳೆಯುತ್ತದೆ. ಹರೆಯದವರಲ್ಲಿ ಒಂದು ಪೇಚಿದೆ. ಮೈಗೆ ಚಳಿ ಹತ್ತಿದರೆ ಕುತ್ತಿಗೆಯ ಸುತ್ತಲಿನ ಕಂದು ಕೊಬ್ಬೂ ಮೈ ಕಾಯಿಸಲು ಅದೇ ಸಕ್ಕರೆಗೆ ಬಾಯಿ ಹಾಕುತ್ತದೆ. ಆಮೇಲೆ ಹಗ್ಗವೋ ಹಾವೋ ಹೇಳುವುದು ಕಷ್ಟ.

ಕೆರ್ಟುವಿನ ತಾಯಿ ಕೆಮಿ ಎಂಬ ಊರಿನಲ್ಲಿ, ಊರವರು ಬಿಸಿ ಹಬೆಯಲ್ಲಿ ಕೂತು ಬೆವರುವ ಸೌನಾಕ್ಕೆ ಬೆಂಕಿ ಹಾಕುತ್ತಿದ್ದವರು. ಕಾಗದದ ಕಾರ್ಖಾನೆ ಮುಚ್ಚಿ ಕೆಲಸ ಹೋದಾಗ, ನಲವತ್ತು ದಾಟಿದ ಕೆರ್ಟು ಮಕ್ಕಳ ವಯಸ್ಸಿನವರ ಜೊತೆ ಕೂತು ಸ್ಕ್ಯಾನಿಂಗ್ ಯಂತ್ರ ನಡೆಸುವ ಈ ವಿದ್ಯೆ ಕಲಿತರು. ಈಗ ದಿನಕ್ಕೆ ಹತ್ತು ಹನ್ನೆರಡು ಮಂದಿಯನ್ನು ಮಲಗಿಸಿ ಏಳಿಸುತ್ತಾರೆ. "ಅಮ್ಮಂದೇ ಕಸುಬು ಕಣ್ರೀ. ನನ್ನ ಸೌನಾ ಸ್ವಲ್ಪ ದುಬಾರಿ, ಅಷ್ಟೆ," ಎಂದು ನಗುತ್ತಾರೆ.

ಹೋದ ವಾರ ಮಾತ್ರ ನಗು ಬರಲಿಲ್ಲ. ಈರಿಸ್‌ಳ ಶ್ವಾಸಕೋಶ ತಿಳಿಯಾಗಿತ್ತು, ಆದರೆ ಕುತ್ತಿಗೆಯ ಎರಡೂ ಬದಿ ಉರಿಯುವಂತೆ ಹೊಳೆಯುತ್ತಿತ್ತು. ರೋಗ ಅಲ್ಲಿಗೆ ಹಬ್ಬಿದ್ದರೆ ಈ ಚಿಕಿತ್ಸೆಯೂ ಕೈಕೊಟ್ಟಂತೆ. ಚಿತ್ರ ಓದುವ ಡಾಕ್ಟರ್ ಪೆಂಟಿ ಪರದೆಯನ್ನೇ ನೋಡುತ್ತಿದ್ದರು. ಯಂತ್ರದ ಕೋಣೆಯಲ್ಲಿ ಟೋಪಿ ತೆಗೆದ ಹುಡುಗಿಯ ಕೂದಲ ತುದಿ ಇನ್ನೂ ಒದ್ದೆಯಾಗಿರುವುದು ಕೆರ್ಟುವಿನ ಕಣ್ಣಿಗೆ ಬಿತ್ತು.

"ಬೆಳಿಗ್ಗೆ ಏನ್ ಮಾಡ್ದೆ, ಹುಡುಗಿ?"

"ತುಂಬಾ ಹೆದರಿಕೆ ಆಗ್ತಿತ್ತು. ಹೆಪ್ಪುಗಟ್ಟಿದ ಹೊಳೇಲಿ ಹಿಮ ಒಡೆದ ಕಿಂಡಿಲಿ ಮುಳುಗಿ ಬಂದೆ."

ಭಯವಾದರೆ ಈ ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಪ್ರತಿ ಭಾನುವಾರ ತಾನೂ ಅಲ್ಲೇ ಮುಳುಗುವ ಪೆಂಟಿ ಹಣೆ ಚಚ್ಚಿಕೊಂಡು, ಚಳಿಗೆ ಹೊಳೆದದ್ದು ಕಂದು ಕೊಬ್ಬೇ ಇರಬಹುದು, ಮೈ ಬೆಚ್ಚಗಿಟ್ಟು ಇನ್ನೊಮ್ಮೆ ನೋಡಿಯೇ ಬಿಡೋಣ ಎಂದರು. ಆದರೂ ಅದು ರೋಗವೇ ಆಗಿದ್ದರೆ ಎಂಬ ಅಳುಕು ವಾರವಿಡೀ ಕೆರ್ಟುವನ್ನು ಬಿಡಲಿಲ್ಲ.

ಇಂದು ಈರಿಸ್ ಬೆಚ್ಚನೆಯ ಟ್ಯಾಕ್ಸಿಯಲ್ಲಿ, ಕೆರ್ಟು ಹೆಣೆದು ಕೊಟ್ಟ ಉಣ್ಣೆಯ ಕಾಲುಚೀಲದಲ್ಲಿ ಬರುತ್ತಾಳೆ. ಕಂಬಳಿಯ ಮೇಲೆ ಕಂಬಳಿ. ಸೂಜಿ, ಕಾಯುವಿಕೆ, ಯಂತ್ರದ ಗುನುಗು. ಪೆಂಟಿ ಚಿತ್ರವನ್ನು ಮೇಲಿಂದ ಕೆಳಗೆ ಮತ್ತೆ ಮತ್ತೆ ಸರಿಸಿ ನೋಡುತ್ತಾರೆ.

"ಹೊಳೀಬಾರದ ಕಡೆ ಎಲ್ಲೂ ಹೊಳೀತಿಲ್ಲ," ಅನ್ನುತ್ತಾರೆ ಕೊನೆಗೆ. ಚಿಕಿತ್ಸೆ ಗೆದ್ದಿದೆ. ಕೆರ್ಟು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ಏಲಕ್ಕಿ ಬನ್ನು ತಿನ್ನುತ್ತಾ ಕುಳಿತ ಈರಿಸ್ ಕೊನೆಯ ತುಣುಕನ್ನೂ ಮುಗಿಸುತ್ತಾಳೆ. ಆಮೇಲೆ ಕೇಳುವುದು ಒಂದೇ, ಈಗ ಹೊಳೆಗೆ ಹೋಗಬಹುದಾ?

ಕೆರ್ಟು ಕಂಬಳಿ ಮಡಚುತ್ತಾ ಹೇಳುತ್ತಾರೆ: "ಸಂಜೆವರೆಗೂ ತಡ್ಕೋ. ನಾನೂ ಬರ್ತೀನಿ."